ಬಚ್ಚನ ಅಡ್ಡಮರ

ಸೀನ ಕೊಡಲಿ ಎತ್ತಿದ್ದ. ಇನ್ನೇನು ಅದು ಹಿತ್ತಿಲ ಮಾವಿನ ಮರದ ಬುಡಕ್ಕೆ ಬೀಳಬೇಕು, ಅಷ್ಟರಲ್ಲಿ ಮನೆಯ ಚಾವಡಿಯಿಂದ ಸೀತು ಕೂಗಿದಳು.

"ಸೀನಾ, ಕೊಡ್ಲಿ ಕೆಳ್ಗ್ ಇಡ್."

ಗಂಡ ಬಚ್ಚನ ಹೆಣದ ತಲೆಯ ಬಳಿ ಕೂತು ಹಿಂದಿನ ಸಂಜೆಯಿಂದ ಅಳುತ್ತಿದ್ದ ಹೆಂಗಸಿನ ದನಿ ಅದಾಗಿರಲಿಲ್ಲ. ಗದ್ದೆಗಿಳಿದ ದನ ಓಡಿಸುವಾಗ ಬರುವ ದನಿ. ಸೀನನ ಕೊಡಲಿ ಎತ್ತಿದಲ್ಲೇ ನಿಂತಿತು. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತಿದ್ದವರೂ ಕತ್ತಿ ನಿಲ್ಲಿಸಿ ಅತ್ತ ನೋಡಿದರು.

"ಅತ್ಗೀ, ಹೊತ್ತ್ ಏರ್ತಾ ಇತ್ತ್," ಎಂದ ಸೀನ. "ಮರ ಕಡೀದೆ ಅಣ್ಣನ್ನ ಸುಡೂದ್ ಹ್ಯಾಂಗೆ?"

"ಮರ ಕಡ್ದ್ ಎರಡ್ ವರ್ಷ ಆಯ್ತಲ್ದಾ? ಮರ್ತ್ ಹೋಯ್ತಾ ನಿಂಗೆ?"

ಯಾರಿಗೂ ಮರೆತಿರಲಿಲ್ಲ. ಕುಂಭಾಶಿಯಲ್ಲಿ ಆ ಸಂಗತಿ ಗೊತ್ತಿಲ್ಲದವರು ಅಂತ ಯಾರಾದರೂ ಇದ್ದರೆ ಅದು ಆಮೇಲೆ ಹುಟ್ಟಿದ ಮಕ್ಕಳು ಮಾತ್ರ. ಮನೆಯಲ್ಲಿ ಸಾವಾದರೆ ಆ ಮನೆಯ ಹಿತ್ತಿಲಿನದೇ ಒಂದು ಮಾವಿನ ಮರ ಕಡಿದು ಚಿತೆಗೆ ಹಾಕುವುದು ಆ ಕಡೆಯ ಕ್ರಮ. ಉಸಿರು ಹೋದ ಮೇಲೆ ಕಡಿಯಬೇಕು ಎನ್ನುವುದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಉಣ್ಣುವ ಮೊದಲು ಕೈ ತೊಳೆಯಬೇಕು ಅಂತ ಹೇಳಿಕೊಡುವುದಿಲ್ಲವಲ್ಲ, ಹಾಗೆ. ಸೀನನಿಗೆ ಮಾತ್ರ ಹೇಳಬೇಕಾಗಿತ್ತು.

ಸೀತು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ರ್ ನನ್ಹತ್ರ ಹೇಳಿಟ್ಟಿದ್ರ್. ಸೀನ ನಂಗಂದೇಳಿ ಒಂದ್ ಮರ ಕಡ್ದಿದ್ದ. ನಾ ಸತ್ರೆ ಅದೇ ಆಯ್ಕ್. ಅವ ಇನ್ನೊಂದ್ ಮರಕ್ಕೆ ಕೊಡ್ಲಿ ಹಾಕ್ರೆ ನಾನ್ ಎದ್ದ್ ಕೂಕಂತೆ, ಅಂದಿದ್ರ್."

"ಎದ್ದ್ ಕೂಕಂಬ ಜನವೇ," ಎಂದಳು ಪಕ್ಕದ ಮನೆಯ ಅಮ್ಮಣಿ. ಅವಳು ಊರಿನ ಎಲ್ಲ ಸಾವಿಗೂ ಮೊದಲು ಬಂದು ಕಡೆಗೆ ಹೋಗುವ ಮುದುಕಿ. "ಮುಂಚೆ ಒಂದ್ ಸಲ ಎದ್ದಿದ್ದನಲೆ."

ಸುತ್ತಲಿನ ಊರುಗಳಲ್ಲಿ ಯಾರು ಸತ್ತರೂ ಮುಂದೆ ನಿಂತು ಎಲ್ಲ ನಡೆಸುವವನು ಚಂದಯ್ಯ. ಅವನು ಗಡ್ಡ ಕೆರೆದುಕೊಂಡ. "ಆ ಮರ ಈಗಳ್ ಇಪ್ಪುದ್ ಎಲ್ಲಿ ಅಂದೇಳಿ ಗೊತ್ತಿತ್ತಾ ನಿಮ್ಗೆ? ಕುಂದಾಪ್ರದ ಹಂಚಿನ ಕಾರ್ಖಾನೆಯಾಗೆ, ಲಾರಿ ಚಕ್ರದ ಹಿಂದೆ. ಅದನ್ನ ಇಲ್ಲಿಗ್ ತಪ್ಪ್ದ್ ಹ್ಯಾಂಗೆ?"

"ಅದೆಲ್ಲ ನಂಗ್ ಗೊತ್ತಿಲ್ಲೆ," ಎಂದು ಸೀತು ಮತ್ತೆ ಅಳುವುದಕ್ಕೆ ಶುರುಮಾಡಿದಳು.

ಸೀನ ಕೊಡಲಿಯನ್ನು ಮರಕ್ಕೆ ಒರಗಿಸಿಟ್ಟ. ಬಚ್ಚನಿಗೆ ಗಂಡುಮಕ್ಕಳಿಲ್ಲ. ಇದ್ದ ಒಬ್ಬ ಮಗಳು ವನಜ ಉಪ್ಪುಂದದಿಂದ ನಡೆದು, ದೋಣಿಯಲ್ಲಿ ಹೊಳೆ ದಾಟಿ ಬರಬೇಕು. ಬೆಂಕಿ ಕೊಡಬೇಕಾದವನು ತಮ್ಮನಾದ ಸೀನನೇ. ಅಣ್ಣ ಇವನೊಡನೆ ಮಾತು ಬಿಟ್ಟು ಎರಡು ವರ್ಷ. ಆ ಎರಡು ವರ್ಷದಲ್ಲಿ ಇವನಿಗಾಗಿ ಇಟ್ಟು ಹೋದ ಮಾತು ಇದೊಂದು. ಇದನ್ನೂ ನಡೆಸದೆ ಕೊಳ್ಳಿ ಹಿಡಿದು ನಿಂತರೆ ಊರು ಬಿಡು, ತನ್ನ ಕೈಯೇ ತನ್ನನ್ನು ಒಪ್ಪುವುದಿಲ್ಲ ಎಂದು ಸೀನನಿಗೆ ಅನ್ನಿಸಿತು.

"ನಾನ್ ತತ್ತೆ," ಎಂದ. ಹೇಗೆ ತರುವುದು ಎನ್ನುವುದು ಅವನಿಗೂ ಗೊತ್ತಿರಲಿಲ್ಲ.

*

ಬಚ್ಚ ಹಂಚಿನ ಕಾರ್ಖಾನೆಯಲ್ಲಿ ಹಂಚು ಬಡಿಯುವವನು. ಭಟ್ಟಿಯಲ್ಲಿ ಬೆಂದು ಬಂದ ಹಂಚನ್ನು ಎಡಗೈಯಲ್ಲಿ ಎತ್ತಿ, ಬಲಗೈಯ ಬೆರಳ ಗೆಣ್ಣಿನಿಂದ ಒಂದು ಸಲ ಬಡಿದು, ಕಿವಿ ವಾಲಿಸಿ ಕೇಳುವುದು. ಟಣ್ ಎಂದರೆ ಈ ಕಡೆ, ಬದ್ ಎಂದರೆ ಆ ಕಡೆ. ಇಪ್ಪತ್ತು ಚಿಲ್ಲರೆ ವರ್ಷ ಇದನ್ನೇ ಮಾಡಿ ಮಾಡಿ, ಬಡಿಯದೆ ಯಾವುದನ್ನೂ ನಂಬದ ಸ್ಥಿತಿಗೆ ಬಂದಿದ್ದ. ಕುಂಬಳಕಾಯಿ ಬಡಿಯುತ್ತಿದ್ದ, ಗಡಿಗೆ ಬಡಿಯುತ್ತಿದ್ದ, ಹೋದ ಮನೆಯ ಕಂಬ ಬಡಿಯುತ್ತಿದ್ದ. ಎಮ್ಮೆ ಕೊಳ್ಳುವಾಗ ವಾರವಿಡೀ ಕೊಂಬು ಬಡಿದು ಆರಿಸಿದ. ಆ ಎಮ್ಮೆ ಹಾಲು ಕೊಡಲಿಲ್ಲ, ಹಾಯುವುದನ್ನು ಮಾತ್ರ ಚೆನ್ನಾಗಿ ಮಾಡಿತು. ವನಜಳನ್ನು ನೋಡಲು ಬಿಜೂರಿನಿಂದ ಬಂದ ಗಂಡಿನ ಬೆನ್ನಿಗೆ ಪ್ರೀತಿಯಿಂದ ತಟ್ಟಿದಂತೆ ಮಾಡಿ ಗೆಣ್ಣಿನಿಂದ ಬಡಿದು, ಆಮೇಲೆ ಒಳಗೆ ಬಂದು "ಪೊಳ್ಳ್" ಎಂದುಬಿಟ್ಟ. ಆ ಪೊಳ್ಳು ಗಂಡು ಈಗ ಬಿಜೂರಿನಲ್ಲಿ ಗದ್ದೆ, ತೆಂಗು ಅಂತ ಸುಖವಾಗಿದ್ದಾನೆ. ಬಡಿದು ಒಪ್ಪಿದ ಉಪ್ಪುಂದದ ಅಳಿಯ ನಿಜಕ್ಕೂ ಗಟ್ಟಿ, ಕಿವಿ ಒಂದು ಕೇಳುವುದಿಲ್ಲ. ಹಂಚಿನಲ್ಲಿ ಬಚ್ಚ ತಪ್ಪುತ್ತಿರಲಿಲ್ಲ. ಉಳಿದದ್ದರಲ್ಲಿ ತಪ್ಪಿದ್ದೇ ಹೆಚ್ಚು. ಆದರೂ ಆರಿಸುವ ಮೊದಲು ದಿನಗಟ್ಟಲೆ ಬಡಿಯುವುದನ್ನು ಬಿಡಲಿಲ್ಲ.

ತಮ್ಮ ಸೀನ ಇದಕ್ಕೆ ಪೂರಾ ಉಲ್ಟಾ. ನಾಳೆಯ ಕೆಲಸವನ್ನು ನಿನ್ನೆಯೇ ಮುಗಿಸಿ ಕೂರುವವನು. ಶಿವರಾತ್ರಿಗೇ ಮಳೆಗಾಲದ ಸೌದೆ ಒಟ್ಟುತ್ತಿದ್ದ. ಮದುವೆಯಾದ ತಿಂಗಳಲ್ಲೇ ತೊಟ್ಟಿಲು ಮಾಡಿಸಿಟ್ಟ. ಪಾಪ, ಅದರಲ್ಲಿ ಈಗಲೂ ತೆಂಗಿನಕಾಯಿ ತುಂಬಿಡುತ್ತಾರೆ.

ಎರಡು ವರ್ಷದ ಹಿಂದೆ, ಮಳೆ ಹಿಡಿದ ಹೊಸತು, ಬಚ್ಚನಿಗೆ ಜ್ವರ ಬಂತು. ಪಂಡಿತರು ನಾಡಿ ಹಿಡಿದು, ಬೆಳಗಾಗುವ ತನಕ ಕಷ್ಟ ಎಂದು ಹೇಳಿ ಕೊಡೆ ಬಿಚ್ಚಿಕೊಂಡು ಹೋದರು. ಸೀನ ಗೋಡೆಗೆ ಮುಖ ಹಾಕಿ ಒಂದಷ್ಟು ಹೊತ್ತು ಅತ್ತ. ಅತ್ತು ಮುಗಿದ ಮೇಲೆ ಅವನ ಹುಟ್ಟುಗುಣ ಎದ್ದು ಕೂತಿತು. ಈ ಮಳೆಯಲ್ಲಿ ನಾಳೆ ಮರ ಕಡಿಯುವುದಕ್ಕೆ ಯಾರು ಸಿಗುತ್ತಾರೆ? ಎಲ್ಲರೂ ಗದ್ದೆಗೆ ಭತ್ತದ ನೇಜಿ ನೆಡುವುದಕ್ಕೆ ಹೋಗಿರುತ್ತಾರೆ. ಹುರಿಹಗ್ಗ ತಂದು, ಜ್ಞಾನ ತಪ್ಪಿ ಮಲಗಿದ್ದ ಅಣ್ಣನ ತಲೆಯಿಂದ ಕಾಲಿನವರೆಗೆ ಅಳೆದ. ಮೇಲೆ ಎರಡು ಗೇಣು ಸೇರಿಸಿದ. ಬೆಳಕು ಹರಿಯುವ ಹೊತ್ತಿಗೆ ಹಿತ್ತಿಲಿನಲ್ಲಿ ಕೊಡಲಿ ಬೀಳುತ್ತಿತ್ತು.

ಆ ಸದ್ದಿಗೇ ಬಚ್ಚ ಕಣ್ಣು ಬಿಟ್ಟದ್ದು.

"ಯಾರ್ ಸತ್ತದ್?" ಎಂದ.

ಸೀತು ಬಾಯಿಗೆ ಸೆರಗು ತುರುಕಿಕೊಂಡಳು. ಬಚ್ಚ ಕಿವಿ ವಾಲಿಸಿದ. "ಮಾವಿನ್ ಮರ," ಎಂದ. ಮತ್ತೊಂದು ಏಟು ಕೇಳಿ, "ನಮ್ದೇ," ಎಂದ. ಆಮೇಲೆ ಕಂಬಳಿ ಹೊದ್ದು ಎದ್ದು ಹಿತ್ತಿಲಿಗೆ ನಡೆದ. ಜ್ವರ ಬಿಟ್ಟದ್ದು ಮದ್ದಿನಿಂದಲ್ಲ, ಆ ಕೊಡಲಿ ಸದ್ದಿನಿಂದ ಎಂದು ಅಮ್ಮಣಿ ಇವತ್ತಿಗೂ ಹೇಳುತ್ತಾಳೆ.

ಮರ ಆಗಲೇ ಬಿದ್ದು, ಆಳುದ್ದದ ಕೊರಡೂ ತುಂಡಾಗಿತ್ತು. ಸೀನ ತಿರುಗಿ ನೋಡಿದ. ಮಳೆಯಲ್ಲಿ ತೊಯ್ದು ನಿಂತ ಅಣ್ಣನನ್ನು ಕಂಡು ಅವನ ಬಾಯಿಂದ ಹೊರಟದ್ದು ಇಷ್ಟೇ:

"ಅಣ್ಣಾ, ಹುಷಾರಾಯ್ತಾ?"

ಬಚ್ಚ ಮರ ನೋಡಿದ. ತಮ್ಮನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಹಗ್ಗ ನೋಡಿದ. ಹಗ್ಗ ತೆಗೆದು ಒಂದು ತುದಿಯನ್ನು ಹಿಮ್ಮಡಿಯ ಕೆಳಗೆ ಹಾಕಿ, ಇನ್ನೊಂದನ್ನು ತಲೆಯ ಮೇಲೆ ಎಳೆದು ಹಿಡಿದ.

"ಕೈ ಚಾಚಿ ಮಲ್ಗೂಕೆ ಸಮ ಆತ್ತ್," ಎಂದ.

ತಮ್ಮನ ಹತ್ತಿರ ಅವನು ಆಡಿದ ಕಡೆಯ ಮಾತು ಅದು. ಒಂದೇ ಮಾಡಿನ ಕೆಳಗೆ ಎರಡು ಒಲೆಯಾಯಿತು. ಸೀನ "ಅತ್ಗೀ, ಬೇಲಿ ಬಿದ್ದಿತ್ತ್ ಅಂದೇಳಿ ಅಣ್ಣಂಗೆ ಹೇಳಿ" ಎನ್ನುತ್ತಿದ್ದ. ಎದುರಿಗೇ ಕೂತ ಬಚ್ಚ "ಸೀತು, ನಂಗ್ ಕೇಂಡಿತ್ತ್ ಅಂದೇಳಿ ಬೇಲಿಗ್ ಹೇಳ್" ಎನ್ನುತ್ತಿದ್ದ.

ಕೊರಡು ಹಿತ್ತಿಲಿನಲ್ಲೇ ಬಿತ್ತು. ಚಿತೆಗೆಂದು ಕಡಿದ ಮರವನ್ನು ಒಲೆಗೆ ಹಾಕುವಂತಿಲ್ಲ, ಹಲಗೆ ಕುಯ್ಯುವಂತಿಲ್ಲ, ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಬಚ್ಚ ದಿನಾ ಬೆಳಿಗ್ಗೆ ತನ್ನ ಚಿತೆಯನ್ನು ದಾಟಿ ಕೆಲಸಕ್ಕೆ ಹೋಗಬೇಕಾಯಿತು.

*

ಹೊತ್ತು ಏರುವಾಗ ಕಾರ್ಖಾನೆಯ ಲಾರಿ ಗುಡುಗುತ್ತ ಬಂದು ಓಣಿಯ ಬಾಯಲ್ಲಿ ನಿಂತಿತು. ಓಡಿಸುತ್ತಿದ್ದವನು ಬ್ರಹ್ಮಾವರದ ಕಡೆಯ ಗುಣಪಾಲ. ಪಕ್ಕದಲ್ಲಿ ಕೂತಿದ್ದವರು ಕಾರ್ಖಾನೆಯ ಲೆಕ್ಕ ಬರೆಯುವ ರೈಟರು ಲೀಲಾಧರ. ಕೋಟು ಹಾಕಿಕೊಂಡು, ಕೈಯಲ್ಲಿ ಸೇವಂತಿಗೆ ಮಾಲೆ ಹಿಡಿದುಕೊಂಡು ಬಂದಿದ್ದರು. ಮಾಲೆ ಹಾಕಿ, ಕೈಮುಗಿದು, ಮಂಗಳೂರಿನ ಕನ್ನಡದಲ್ಲಿ ಸೀತುವಿಗೆ ಸಮಾಧಾನ ಹೇಳಿದರು.

"ಹೇಗೆ ಆಯಿತು ಇದು? ಮೊನ್ನೆ ಸರೀ ಇದ್ದನಲ್ಲ."

"ನಿನ್ನೆ ಸಂಜೆ ಹಲಸಿನ ಹಣ್ಣ್ ಬಡ್ದ್ ಕಾಣ್ತಾ ಇದ್ರ್. ನಾಳೆಗ್ ಆತ್ತ್ ಅಂದ್ರ್. ಹಾಂಗೇ ಗೋಡಿಗ್ ಒರಗಿದ್ರ್," ಎಂದಳು ಸೀತು.

ಆ ಹಲಸಿನ ಹಣ್ಣು ಚಾವಡಿಯ ಮೂಲೆಯಲ್ಲೇ ಇತ್ತು. ಹೇಳಿದ ಮಾತಿಗೆ ತಪ್ಪದೆ ಇವತ್ತು ಹಣ್ಣಾಗಿತ್ತು. ಊದುಬತ್ತಿಯನ್ನೂ ಮೀರಿ ಅದರ ಪರಿಮಳ ಮನೆಯಿಡೀ ತುಂಬಿತ್ತು. ಎಲ್ಲರಿಗೂ ಮೂಗು ಇತ್ತು, ಯಾರೂ ಸುದ್ದಿ ಎತ್ತಲಿಲ್ಲ.

ಚಂದಯ್ಯ ರೈಟರನ್ನು ಬದಿಗೆ ಕರೆದು ವಿಷಯ ಹೇಳಿದ. ರೈಟರ ಮುಖ ಸಣ್ಣದಾಯಿತು.

"ಛೆ ಛೆ, ಅದು ಕೊಡಲಿಕ್ಕೆ ಆಗುವುದಿಲ್ಲ ಮಾರಾಯರೆ. ಅಡ್ಡಮರ ತೆಗೆದರೆ ಲಾರಿ ಸೀದಾ ಮಣ್ಣಿನ ಹೊಂಡಕ್ಕೆ ಹೋಗ್ತದೆ. ಮಳೆ ಹಿಡಿಯುವ ಮೊದಲು ಮಣ್ಣು ತುಂಬಿಸಬೇಕು, ಸಾಹುಕಾರರು ನನ್ನನ್ನು ಜೀವಸಹಿತ ಬಿಡುವುದಿಲ್ಲ. ಬೇಕಾದರೆ ಒಂದು ಕಿರಾಲ್ಬೋಗಿ ದಿಮ್ಮಿ ಉಂಟು. ದೋಣಿ ಕಟ್ಟುವ ಮರ. ಅದನ್ನು ತಕ್ಕೊಳ್ಳಿ. ಬಚ್ಚನಿಗೆ ಮರ್ಯಾದೆಯೇ ಆಯಿತು."

"ಬದ್ಕಿಡೀ ಗಂಜಿ ಉಂಡವಂಗೆ ಸುಡೂಕೆ ಕಿರಾಲ್ಬೋಗಿಯಾ," ಎಂದಳು ಅಮ್ಮಣಿ.

"ಅದಕ್ ಬೆಂಕಿ ಹಿಡೀಕ್ ಅಂದ್ರೆ ದೀಪಾವಳಿ ಆಯ್ಕ್," ಎಂದ ಚಂದಯ್ಯ. "ಅಲ್ಲಿತನ್ಕ ನಾವ್ ಇಲ್ಲೇ ಕೂಕಂಬ್ದಾ?"

ಸೀನ ಮುಂದೆ ಬಂದ. ಅವನಿಗೆ ರೈಟರ ಎದುರು ಮಾತಾಡಿ ರೂಢಿಯಿಲ್ಲ. "ರೈಟ್ರೇ, ಅದ್ ನಮ್ಮಣ್ಣನ್ ಅಳ್ತೆ ಮರ," ಎಂದ.

"ಈಗ ಅದು ಲಾರಿಯ ಅಳತೆ," ಎಂದರು ರೈಟರು.

ಸುಳ್ಳಲ್ಲ, ಎರಡೂ ಒಂದೇ ಅಳತೆಯಾಗಿತ್ತು.

*

ಆ ಲಾರಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಬಚ್ಚನ ಕೊರಡು ಹಿತ್ತಿಲಿನಲ್ಲಿ ಬಿದ್ದ ತಿಂಗಳೊಪ್ಪತ್ತಿನಲ್ಲಿ ಕಾರ್ಖಾನೆಯ ಸಾಹುಕಾರರು ಅದನ್ನು ತಂದು ನಿಲ್ಲಿಸಿದಾಗ ಊರಿಗೆ ಊರೇ ನೋಡಲು ಬಂದಿತ್ತು. ಅಲ್ಲಿಯವರೆಗೆ ಹಂಚಿನ ಮಣ್ಣು ಗಾಡಿಯಲ್ಲಿ ಬರುತ್ತಿತ್ತು, ಬುಟ್ಟಿಯಲ್ಲಿ ಇಳಿಯುತ್ತಿತ್ತು. ಲಾರಿಯ ಮಣ್ಣನ್ನು ಬುಟ್ಟಿಯಲ್ಲಿ ಇಳಿಸುತ್ತ ಕೂತರೆ ಲಾರಿ ತಂದು ಏನು ಸುಖ ಎಂದು ಸಾಹುಕಾರರು ಒಂದು ಉಪಾಯ ಮಾಡಿದರು. ಮಣ್ಣಿನ ಹೊಂಡದ ಅಂಚಿನಲ್ಲಿ ದಪ್ಪ ಹಲಗೆಗಳ ಒಂದು ಅಟ್ಟ. ಅಟ್ಟದ ನಡುವೆ ಅಡಿಯಲ್ಲಿ ಕಬ್ಬಿಣದ ಅಚ್ಚು. ಗದ್ದೆಗೆ ನೀರೆತ್ತುವ ಏತದ ಹಾಗೆ ಅದು ಏಳುತ್ತದೆ, ಇಳಿಯುತ್ತದೆ. ಲಾರಿ ಹಿಂದಕ್ಕೆ ಬಂದು ಅಟ್ಟ ಹತ್ತಿದರೆ, ಮಣ್ಣಿನ ಭಾರಕ್ಕೆ ಅಟ್ಟದ ಹಿಂದಿನ ತುದಿ ಕೆಳಗೆ ವಾಲಿ, ಮಣ್ಣು ತಾನಾಗಿ ಜಾರಿ ಹೊಂಡಕ್ಕೆ. ಖಾಲಿಯಾದ ಮೇಲೆ ಎಂಜಿನ್ನಿನ ಭಾರಕ್ಕೆ ಮುಂದಿನ ತುದಿ ತಾನಾಗಿ ಇಳಿಯುತ್ತದೆ. ಒಳ್ಳೆಯ ಉಪಾಯವೇ. ಮಣ್ಣಿನ ಹಿಂದೆ ಲಾರಿಯೂ ಹೊಂಡಕ್ಕೆ ಜಾರದ ಹಾಗೆ ಚಕ್ರಕ್ಕೆ ಅಡ್ಡ ಏನನ್ನು ಇಡುವುದು ಎನ್ನುವುದೊಂದು ಬಾಕಿಯಿತ್ತು.

"ಬಚ್ಚ ಆರಿಸಲಿ," ಎಂದರು ಸಾಹುಕಾರರು. ಅವರಿಗೆ ಎಮ್ಮೆಯ ಕತೆ ಗೊತ್ತಿರಲಿಲ್ಲ.

ಬಚ್ಚ ಬಡಿಯಲು ಶುರುಮಾಡಿದ. ಮೊದಲು ಮುರಕಲ್ಲು ಆರಿಸಿದ. ಮನೆಯ ಗೋಡೆಗೆ ಆಗುತ್ತದೆ, ಲಾರಿಗೆ ಯಾಕಾಗುವುದಿಲ್ಲ ಎಂದ. ಎರಡನೆಯ ಲೋಡಿಗೆ ಕಲ್ಲು ಕೆಂಪು ಹುಡಿಯಾಯಿತು. ಆಮೇಲೆ ತೆಂಗಿನ ಬೊಡ್ಡೆ ಆರಿಸಿದ. ಚಕ್ರ ಅದರ ಮೇಲೆ ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಆಚೆ ಇಳಿಯಿತು. ಲಾರಿ ಅಂಡು ಊರಿ ಹೊಂಡದಲ್ಲಿ ಕೂತಿತು. ಮೂತಿ ಆಕಾಶಕ್ಕೆ, ಒಳಗೆ ಗುಣಪಾಲ ದೇವರಿಗೆ ಕೈಮುಗಿದು. ಎಳೆಯುವುದಕ್ಕೆ ಕೋಣಗಳನ್ನು ಕಟ್ಟಬೇಕಾಯಿತು. ಸಾಹುಕಾರರು ರೋಸಿ ಹೋಗಿ ತಾವೇ ಕಿರಾಲ್ಬೋಗಿ ದಿಮ್ಮಿ ತರಿಸಿದರು. ಬಚ್ಚ ಅದನ್ನು ಮೂರು ಕಡೆ ಬಡಿದು, "ಗಟ್ಟಿ ಹೌದ್. ಮೆತ್ತನೆ ಎಂಬ್ದೇ ಇಲ್ಲೆ. ಟೈರ್ ಹರ್ಕಂತ್ತ್," ಎಂದ. ಟೈರು ಚಿನ್ನಕ್ಕಿಂತ ಕಷ್ಟದಲ್ಲಿ ಸಿಗುವ ಕಾಲ. ಸಾಹುಕಾರರು ದಿಮ್ಮಿಯನ್ನು ಬದಿಗೆ ಹಾಕಿಸಿದರು.

ವಾರವಿಡೀ ಬಚ್ಚ ಕಂಡ ಕಂಡ ಮರ ಬಡಿಯುತ್ತ ತಿರುಗಿದ. ಕೊನೆಗೆ ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ತನ್ನ ಕೊರಡನ್ನು ದಾಟುವಾಗ ಕಾಲು ನಿಂತಿತು. ಕೂತು ಬಡಿದ. ಎದ್ದು ಹೋಗಿ ಗಾಡಿ ತಂದ.

ಕೊರಡು ಅಟ್ಟದ ಅಗಲಕ್ಕೆ ಒಂದು ಬೆರಳೂ ಹೆಚ್ಚುಕಮ್ಮಿ ಇಲ್ಲದೆ ಕೂತಿತು. ಅದರ ಚರಿತ್ರೆ ಕೇಳಿದ್ದೇ ಗುಣಪಾಲ ಲಾರಿಯಿಂದ ಇಳಿದುಬಿಟ್ಟ.

"ಹೆಣ ಸುಡೂಕೆ ಕಡ್ದ ಮರಕ್ ನಾನ್ ಲಾರಿ ತಾಗ್ಸೂದಿಲ್ಲೆ. ಅದ್ರಗೆ ಸಾವಿತ್ತ್."

"ಇತ್ತ್," ಎಂದ ಬಚ್ಚ. "ಆರೆ ಯಾರ್ ಸಾವ್? ನಂದ್. ಅಳ್ತೆ ನಂದ್, ಹೆಸ್ರ್ ನಂದ್. ನನ್ನ್ ಬಿಟ್ರೆ ಬೇರೆ ಯಾರನ್ನೂ ಮುಟ್ಟುಕಾತಿಲ್ಲೆ ಅದಕ್ಕೆ. ಇದ್ರಷ್ಟ್ ಭದ್ರ ಮರ ನಿಂಗೆ ಎಲ್ಲಿ ಸಿಕ್ಕತ್ತ್ ಹೇಳ್. ನಾನೇ ಹಿಂದ್ ನಿಂತ್ಕಂತೆ. ಬಪ್ಪುದಾದ್ರೆ ನಂಗ್ ಬರ್ಲಿ."

ಹೊಂಡದ ಅಂಚಿನಲ್ಲಿ, ಕೊರಡಿನ ಆಚೆ ನಿಂತು ಕೈ ಎತ್ತಿದ. "ಬರ್ಲಿ… ಬರ್ಲಿ… ಹಾಂ, ನಿಲ್."

ಚಕ್ರ ಬಂದು ಮಾವಿನ ಮೈಗೆ ಒತ್ತಿ ನಿಂತಿತು. ಬಚ್ಚ ಬದಿಗೆ ಸರಿದ, ಅಟ್ಟ ವಾಲಿತು, ಮಣ್ಣು ಸರಸರ ಇಳಿಯಿತು. ಲಾರಿ ಅಲುಗಲಿಲ್ಲ. ಅಂದಿನಿಂದ ಲಾರಿಯ ಸದ್ದು ಕೇಳಿದರೆ ಬಚ್ಚ ಕೈಯಲ್ಲಿದ್ದ ಹಂಚು ಇಟ್ಟು ಓಡಿ ಬರುತ್ತಿದ್ದ. ಬೆಳಗಿನ ಮೊದಲ ಲೋಡಿಗೆ ಮುಂಚೆ ಕೊರಡನ್ನು ಬಡಿದು ನೋಡಲೇಬೇಕು. "ಎಂಜಿನ್ ಬಂದ್ ಮಾಡ್, ಮರದ್ ಸದ್ದ್ ಕೇಂತಿಲ್ಲೆ," ಎನ್ನುತ್ತಿದ್ದ. ಆ ಮುದಿ ಲಾರಿಯ ಎಂಜಿನ್ ನಿಲ್ಲಿಸುವುದು ಸುಲಭ, ಮತ್ತೆ ಹೊರಡಿಸಲು ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ತೋಳು ಬಿದ್ದು ಹೋಗಬೇಕು. ಗುಣಪಾಲ ದಿನಾ ಬೈಯುತ್ತಿದ್ದ. ದಿನಾ ನಿಲ್ಲಿಸುತ್ತಿದ್ದ.

*

ಅಂಗಳದಲ್ಲಿ ಮಾತು ನಿಂತಲ್ಲೇ ನಿಂತಿತ್ತು. ರೈಟರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಲಾರಿಗೆ ಒರಗಿ ನಿಂತಿದ್ದ ಗುಣಪಾಲ ಅಂಗಳಕ್ಕೆ ಬಂದ.

"ರೈಟ್ರೇ, ನಾನ್ ಒಂದ್ ಕೇಂತೆ. ಬಚ್ಚಣ್ಣ ಸತ್ತದ್ ಎಲ್ಲಿ?"

"ಎಲ್ಲಿ ಅಂದರೆ? ಮನೆಯಲ್ಲಿ. ಹಲಸಿನ ಹಣ್ಣಿನ ಹತ್ತಿರ."

"ಹಾಂಗಾರೆ ಮರದಗೆ ಇದ್ದ ಸಾವ್ ಅಲ್ಲೇ ಇತ್ತ್. ಬಚ್ಚಣ್ಣಂದ್ ಅಂದೇಳಿ ಎರಡ್ ವರ್ಷ ನಾನ್ ಧೈರ್ಯದಗೆ ರಿವರ್ಸ್ ತಕಂಡೆ. ಈಗ ಅವ ಬೇರೆ ದಾರಿಯಗೆ ಹೋದ. ಮರದ್ ಸಾವ್ ಖರ್ಚಾಯಿಲ್ಲೆ. ಇನ್ನ್ ಅದ್ ಯಾರದ್?"

ಅಂಗಳದಲ್ಲಿದ್ದವರೆಲ್ಲ ತಲೆ ಆಡಿಸಿದರು. ಲೆಕ್ಕ ಸರಿಯಾಗಿತ್ತು.

"ಲಾರಿ ಓಡ್ಸೂದ್ ನಾನ್," ಎಂದ ಗುಣಪಾಲ. "ಪಕ್ಕದಗೆ ಕೂಕಂಬ್ದ್ ನೀವ್."

ರೈಟರು ಓದಿದವರು. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಎಷ್ಟೋ ಸಲ ಹೇಳಿದ್ದರು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

"ತಕ್ಕೊಂಡು ಬನ್ನಿ," ಎಂದರು. "ಆದರೆ ನಾಳೆ ಬೆಳಿಗ್ಗೆ ಮಣ್ಣು ಬರ್ತದೆ. ನಾಳೆ ಎಂತ ಮಾಡುವುದು?"

"ನಾಳಿದ್ ನಾಳೆ ಕಾಂಬ," ಎಂದ ಸೀನ. ಸೀನನ ಬಾಯಿಂದ ಆ ಮಾತು ಬಂದದ್ದು ಕೇಳಿ ಅಮ್ಮಣಿ ಆಶ್ಚರ್ಯದಲ್ಲಿ ಬಾಯೊಳಗಿನ ಎಲೆಯಡಿಕೆ ನುಂಗಿಬಿಟ್ಟಳು.

*

ಸೀನ ಆ ಅಟ್ಟದ ಹತ್ತಿರ ಹೋದದ್ದು ಅದೇ ಮೊದಲು. ಎರಡು ವರ್ಷದ ಹಂಚಿನ ಮಣ್ಣು ಹೀರಿ ಕೊರಡು ಕೊರಡಿನ ಹಾಗಿರಲಿಲ್ಲ. ಮಣ್ಣು ಮೆತ್ತಿ, ಒಣಗಿ, ಮತ್ತೆ ಮೆತ್ತಿ, ಒಂದು ದಪ್ಪ ತೊಗಲು ಬಂದಿತ್ತು. ಚಕ್ರ ಒತ್ತಿ ಒತ್ತಿ ಎರಡು ಕಡೆ ಗುಳಿ ಬಿದ್ದಿತ್ತು. ಎರಡು ತುದಿ ಮಾತ್ರ ಚೊಕ್ಕಟವಾಗಿದ್ದವು. ಯಾರೋ ಆಗಾಗ ಒರೆಸಿದ ಹಾಗಿತ್ತು.

"ತುದಿಗೆ ಮಣ್ಣ್ ಎಂತಕ್ ಇಲ್ಲೆ?" ಎಂದು ಸೀನ ಕೇಳಿದ.

"ಬಚ್ಚಣ್ಣ ಒರಸ್ತಿದ್ದ," ಎಂದ ಗುಣಪಾಲ, ಮೀಟುಗೋಲನ್ನು ಕೊರಡಿನ ಅಡಿಗೆ ತುರುಕುತ್ತ. "ಬಂದವ್ರಿಗೆಲ್ಲ ತೋರ್ಸ್ಕ್ ಅಲ್ದಾ. ಕಾಣಿ, ಕೊಡ್ಲಿ ಏಟ್ ಕಾಣಿ, ಗರಗಸದಗೆ ಕುಯ್ದಾಂಗ್ ಇತ್ತ್ ಅಂಬುದ್. ಜೋರ್ ಮಳೆ, ನನ್ನ್ ತಮ್ಮ ಕಣ್ಣಗೆ ನೀರ್ ಹಾಕಂತಾ ಕಡ್ದದ್, ಆದ್ರೂ ಒಂದ್ ಗೆರೆ ಆಚೀಚೆ ಆಯಿಲ್ಲೆ ಅಂಬುದ್. ನಂಗ್ ಕೇಂಡ್ ಕೇಂಡ್ ಸಾಕಾಯ್ದ್."

ಸೀನ ಕೊರಡಿನ ತುದಿಯ ಮೇಲೆ ಕೈ ಇಟ್ಟ. ಅಂದು ತಾನು ಅಳುತ್ತಿದ್ದದ್ದು ಮಳೆಯಲ್ಲಿ ಯಾರಿಗೂ ಕಂಡಿಲ್ಲ ಎಂದುಕೊಂಡಿದ್ದ.

"ಹಾಂಗಾರೆ ನನ್ಹತ್ರ ಎಂತಕ್ ಮಾತಾಡ್ಲಿಲ್ಲೆ ಅವ?"

"ನಾನೂ ಕೇಂಡಿದೆ. ಅದಕ್ಕ್ ಅವ, ಮಾತಾಡ್ಕ್ ಮಾರಾಯ, ಮೊದಲ್ನೇ ಮಾತ್ ಯಾವ್ದ್ ಅಂದೇಳಿ ಆರಿಸ್ತಾ ಇದ್ದೆ, ಯಾವ್ದೂ ಸಮ ಬತ್ತಿಲ್ಲೆ ಅಂದ."

ಸೀನನಿಗೆ ದುಃಖ ತಡೆಯಲಿಲ್ಲ. ಎಮ್ಮೆಯನ್ನು ವಾರವಿಡೀ ಬಡಿದವನು ಮಾತನ್ನು ಎರಡು ವರ್ಷ ಬಡಿಯದೆ ಇರುತ್ತಾನೆಯೇ? ಬದ್ ಅಂದಿದ್ದರೂ ಅಡ್ಡಿಯಿರಲಿಲ್ಲ, ಒಂದನ್ನು ಎತ್ತಿ ಈ ಕಡೆ ಹಾಕಬಾರದಿತ್ತೇ ಎಂದು ಮಣ್ಣಿನ ಹೊಂಡದ ಅಂಚಿನಲ್ಲಿ ಕೂತು ಜೋರಾಗಿಯೇ ಅತ್ತ. ಗುಣಪಾಲ ಮೀಟುಗೋಲು ಹಿಡಿದುಕೊಂಡು ಕಾದ.

*

ಕೊರಡು ಕುಂಭಾಶಿಗೆ ಬರುವಷ್ಟರಲ್ಲಿ ವನಜಳೂ ಅಳಿಯನೂ ಬಂದಿದ್ದರು. ಅಳಿಯನಿಗೆ ಸಾವಿನ ವಿಷಯವನ್ನು ಕಿವಿಯ ಹತ್ತಿರ ಎರಡೆರಡು ಸಲ ಹೇಳಬೇಕಾಯಿತು. ಹಲಸಿನ ಹಣ್ಣಿನ ವಿಷಯ ಅವನಿಗೆ ಹೇಳದೆಯೇ ತಿಳಿಯಿತು.

ಚಿತೆಯ ಜಾಗ ಗದ್ದೆಯ ಮೇಲಿನ ಇಳಿಜಾರು. ಲಾರಿಯನ್ನು ಅಲ್ಲಿಗೆ ಹಿಂದಕ್ಕೆ ತರಬೇಕು. ಒಂದು ಕಡೆ ನೀರಿನ ತೋಡು, ಒಂದು ಕಡೆ ಮಣ್ಣಿನ ಕಟ್ಟ. ಗುಣಪಾಲ ಗೇರು ಹಾಕಿ, ರೂಢಿಯಂತೆ ಹಿಂದಕ್ಕೆ ತಿರುಗಿ ನೋಡಿದ. ಯಾವಾಗಲೂ ಕೈ ಎತ್ತಿ ನಿಲ್ಲುವವನು ಚಾವಡಿಯಲ್ಲಿ ಮಲಗಿದ್ದ. ಗುಣಪಾಲನ ಕಾಲು ಬ್ರೇಕಿನ ಮೇಲೆಯೇ ಉಳಿಯಿತು.

ಸೀನ ಹೋಗಿ ಹಿಂದೆ ನಿಂತ. ಕೈ ಎತ್ತಿದ.

"ಬರ್ಲಿ… ಬರ್ಲಿ… ಹಾಂ, ನಿಲ್."

ಊರವರು ಒಬ್ಬೊಬ್ಬರು ಒಂದೊಂದು ಸೌದೆ ತಂದಿದ್ದರು. ಒಟ್ಟಿದ ಸೌದೆ ಇಳಿಜಾರಿನಲ್ಲಿ ನಿಲ್ಲಲೊಲ್ಲದು, ಒಂದು ಇಟ್ಟರೆ ಎರಡು ಉರುಳಿ ಗದ್ದೆಗೆ. ಚಂದಯ್ಯ ಕೊರಡನ್ನು ತಟ್ಟಿ ನೋಡಿ ತಲೆ ಕೊಡವಿದ. "ಇದ್ ಮರ ಅಲ್ಲ ಮಾರಾಯ, ಅರೆಬೆಂದ ಹಂಚ್. ಮೇಲ್ ಹಾಕ್ರೆ ಬೆಂಕಿ ಆರತ್ತ್. ಎಲ್ಲಿ ಇಡೂದ್?"

"ಕೆಳ್ಗಿನ ಬದಿಗೆ ಅಡ್ಡ ಇಡಿ," ಎಂದ ಸೀನ.

ಇಟ್ಟರು. ಅದರ ಮೇಲೆ ಒರಗಿ ಸೌದೆ ನಿಂತಿತು. ಬಚ್ಚನನ್ನು ತಂದು ಮಲಗಿಸಿದರು. ಕಾಲು ಕೊರಡಿನ ಕಡೆಗೆ. ಸೀತು ದೂರದಿಂದ ನೋಡಿ, ಸಮ ಆಯ್ತು ಎನ್ನುವ ಹಾಗೆ ತಲೆಯಾಡಿಸಿದಳು. ಸೀನ ಸುತ್ತು ಬಂದು ಬೆಂಕಿ ಕೊಟ್ಟ.

ಸಂಜೆಯಾಗುವಾಗ ಎಲ್ಲ ಉರಿದು ಕೆಂಡವಾಗಿ, ಕೆಂಡ ಬೂದಿಯಾಗಿ ಕೂತಿತ್ತು. ಕೊರಡು ಮಾತ್ರ ಇಟ್ಟಲ್ಲೇ ಇತ್ತು. ಮೇಲಿನ ಮಣ್ಣು ಕೆಂಪಗೆ ಬೆಂದಿತ್ತು, ಒಂದು ಬದಿ ಕಪ್ಪಾಗಿತ್ತು, ಅಷ್ಟೇ. ಒಂದು ಕೊಳ್ಳಿಯನ್ನೂ ಅದು ಕೆಳಗೆ ಬಿಟ್ಟಿರಲಿಲ್ಲ. ಊರವರು ಸ್ನಾನಕ್ಕೆ ಹೋಗಿ ಆಗಿತ್ತು. ಚಂದಯ್ಯ ಮಾತ್ರ ಇನ್ನೂ ನಿಂತಿದ್ದ.

ರೈಟರನ್ನು ಬಸ್ಸಿಗೆ ಬಿಟ್ಟು ಬಂದ ಗುಣಪಾಲ ಲಾರಿಯನ್ನು ಕಟ್ಟದ ಬದಿಯಲ್ಲಿ ನಿಲ್ಲಿಸಿಕೊಂಡಿದ್ದ. ಎಂಜಿನ್ ಗಡಗಡ ಎನ್ನುತ್ತಿತ್ತು.

"ಚಂದಯ್ಯ, ಇನ್ನ್ ಅದ್ರ್ ಸಾವ್ ಮುಗೀತಲ್ದಾ?" ಎಂದು ಕಿಟಕಿಯಿಂದ ತಲೆ ಹಾಕಿ ಕೇಳಿದ. "ಯಾರ್ ಸಾವೋ ಅವ್ರಿಗೆ ಸಂದಿತ್ತಲ್ದಾ?"

"ಸಂದಿತ್ತ್," ಎಂದ ಚಂದಯ್ಯ. "ಇನ್ನ್ ಅದ್ ಬರೀ ಮರ."

"ನಾಳೆ ಬೆಳಿಗ್ಗೆ ಮಣ್ಣ್ ಬತ್ತ್," ಎಂದ ಗುಣಪಾಲ, ಯಾರಿಗೂ ಅಲ್ಲ ಎನ್ನುವ ಹಾಗೆ.

ಸೀನ ಬೂದಿಯ ಬದಿಯಿಂದ ಸುತ್ತಿ ಬಂದು ಕೊರಡಿನ ತುದಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಇನ್ನೂ ಬಿಸಿಯಿತ್ತು. ಬಲಗೈ ಬೆರಳು ಮಡಚಿ, ಗೆಣ್ಣು ಮುಂದೆ ಮಾಡಿ, ತಲೆ ಒಂದು ಕಡೆ ವಾಲಿಸಿದ.

ಗುಣಪಾಲ ಎಂಜಿನ್ ಬಂದ್ ಮಾಡಿದ.